ಕಹಿಯ ಲೆಕ್ಕ ಹಾಕಿದ ‘ಸ್ಟೂಡೆಂಟ್’

ಸಂಖ್ಯಾಶಾಸ್ತ್ರವನ್ನು ಓದುತ್ತಿರುವವರಿಗೆ ‘ಸ್ಟೂಡೆಂಟನ ಟಿ ಪರೀಕ್ಷೆ’ ಎಂಬ ಹೆಸರು ಪರಿಚಿತವೇ. ಆದರೆ ಈ ‘ಸ್ಟೂಡೆಂಟ್’ ಯಾರೆಂದು ಎಂದಾದರೂ ಯೋಚಿಸಿದ್ದೀರಾ? ಆತ ಕಾಲೇಜಿನ ವಿದ್ಯಾರ್ಥಿಯೂ ಅಲ್ಲ, ಪ್ರಾಧ್ಯಾಪಕನೂ ಅಲ್ಲ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, ಗಿನ್ನೆಸ್ ಎಂಬ ಬಿಯರ್ ತಯಾರಿಕಾ ಸಂಸ್ಥೆಯಲ್ಲಿ ಸಂಬಳಕ್ಕಿದ್ದ ನೌಕರ. ಹೆಸರು ವಿಲಿಯಂ ಸೀಲಿ ಗಾಸೆಟ್.

1759ರಲ್ಲಿ ಆರ್ಥರ್ ಗಿನ್ನೆಸ್ ಸ್ಥಾಪಿಸಿದ ಈ ಸಂಸ್ಥೆ ಪ್ರಸಿದ್ಧವಾದದ್ದು ‘ಸ್ಟೌಟ್’ ಎಂಬ ಕಪ್ಪು ಬಿಯರಿನಿಂದ. ಕಾಫಿ ಬೀಜದಂತೆ ಕಪ್ಪಾಗುವವರೆಗೆ ಹುರಿದ ಧಾನ್ಯ ಅದಕ್ಕೆ ಬಣ್ಣ ಕೊಡುತ್ತದೆ. ಕಹಿ ಮತ್ತು ಪರಿಮಳ ಬರುವುದು ಬಹುಮಟ್ಟಿಗೆ ಹಾಪ್ಸ್ ಎಂಬ ಬಳ್ಳಿಯ ಒಣಗಿಸಿದ ಹೂಗಳಿಂದ. ಈ ಹೂಗಳಲ್ಲಿರುವ ಮೃದುವಾದ ರಾಳ ಕಹಿಯನ್ನು ಕೊಡುವುದಲ್ಲದೆ, ಪಾನೀಯ ಬೇಗನೆ ಹುಳಿಯಾಗಿ ಕೆಡದಂತೆಯೂ ತಡೆಯುತ್ತದೆ. ಹಡಗಿನಲ್ಲಿ ದೂರ ದೇಶಗಳಿಗೆ ಸಾಗುವ ಸರಕಿಗೆ ಇದು ಬಹಳ ಮುಖ್ಯ.

ಹಾಪ್ಸ್ ಕೊಳ್ಳುವವರು ಹೂವನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಬಣ್ಣ ನೋಡಿ ಗುಣ ನಿರ್ಧರಿಸುವುದು ಹಿಂದಿನಿಂದ ಬಂದ ಪದ್ಧತಿ. ಅನುಭವಿಗಳ ಮೂಗು ಸಾಮಾನ್ಯವಾದುದಲ್ಲ. ಆದರೆ ಇಬ್ಬರು ಅನುಭವಿಗಳ ಮಾತು ಬೇರೆ ಬೇರೆಯಾದರೆ ಯಾರನ್ನು ನಂಬಬೇಕು? 19ನೆಯ ಶತಮಾನದ ಕೊನೆಯಲ್ಲಿ ಈ ಸಂಸ್ಥೆ ವಿಜ್ಞಾನ ಪದವೀಧರರನ್ನು ನೇಮಿಸಿಕೊಂಡು, ಹೂವಿನಲ್ಲಿರುವ ರಾಳವನ್ನು ಪ್ರಯೋಗಶಾಲೆಯಲ್ಲೇ ಅಳೆಯಲು ತೊಡಗಿತು. 1876ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದ ಗಾಸೆಟ್ ಕೆಲಸಕ್ಕೆ ಸೇರಿದ್ದು 1899ರಲ್ಲಿ.

ಅಳತೆ ಆರಂಭವಾದೊಡನೆ ಹೊಸ ತೊಡಕು ಎದುರಾಯಿತು. ಒಂದೇ ರಾಶಿಯಿಂದ ತೆಗೆದ ಮಾದರಿಗಳೂ ಒಂದೇ ಉತ್ತರ ಕೊಡುತ್ತಿರಲಿಲ್ಲ. ಪ್ರತಿ ಪರೀಕ್ಷೆಗೂ ಶ್ರಮ, ಸಮಯ, ಹಣ ಬೇಕು. ಆದ್ದರಿಂದ ಕೈಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಅಳತೆಗಳು ಮಾತ್ರ. ಎರಡು ರಾಶಿಗಳ ಸರಾಸರಿಯಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೆ ಅದು ನಿಜವಾದ ವ್ಯತ್ಯಾಸವೋ, ಕೇವಲ ಆಕಸ್ಮಿಕವೋ? ಅಂದಿನ ಸಂಖ್ಯಾಶಾಸ್ತ್ರ ನೂರಾರು, ಸಾವಿರಾರು ಅಳತೆಗಳಿದ್ದರೆ ಮಾತ್ರ ಭರವಸೆಯ ಉತ್ತರ ಕೊಡಬಲ್ಲದಾಗಿತ್ತು.

ಗಾಸೆಟ್ 1906-07ರಲ್ಲಿ ಲಂಡನ್ನಿಗೆ ಹೋಗಿ ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ನರ ಬಳಿ ಅಭ್ಯಾಸ ಮಾಡಿದರು. ಅಲ್ಲಿ ತಾವು ಕಂಡುಕೊಂಡ ಗಣಿತವನ್ನು ಪರೀಕ್ಷಿಸಲು ಅವರು ಅನುಸರಿಸಿದ ಕ್ರಮ ಸ್ವಾರಸ್ಯಕರವಾಗಿದೆ. 3000 ಅಪರಾಧಿಗಳ ಎತ್ತರ ಮತ್ತು ಎಡಗೈಯ ನಡುಬೆರಳಿನ ಉದ್ದ ಆಗಲೇ ದಾಖಲಾಗಿದ್ದವು. ಅವನ್ನು ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು. ಪ್ರತಿ ಪುಟ್ಟ ಗುಂಪಿನ ಸರಾಸರಿ ನಿಜವಾದ ಸರಾಸರಿಯಿಂದ ಎಷ್ಟು ದೂರ ಸರಿಯುತ್ತದೆಂದು ನೋಡಿ, ತಮ್ಮ ಲೆಕ್ಕದೊಡನೆ ಹೋಲಿಸಿದರು. ಅಳತೆಗಳು ಕಡಿಮೆಯಾದಷ್ಟೂ ತೀರ್ಮಾನದಲ್ಲಿ ಎಚ್ಚರ ಹೆಚ್ಚಬೇಕು. ಎಷ್ಟು ಹೆಚ್ಚಬೇಕು ಎಂಬುದನ್ನೂ ಅಂಕಿಗಳಲ್ಲಿ ಹೇಳಬಹುದು ಎಂಬುದು ಅವರ ಕೊಡುಗೆ.

ಈ ಲೇಖನ 1908ರಲ್ಲಿ ‘ಬಯೊಮೆಟ್ರಿಕಾ’ ಪತ್ರಿಕೆಯಲ್ಲಿ ಬೆಳಕು ಕಂಡಿತು. ನೌಕರರು ತಮ್ಮ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸುವುದನ್ನು ಸಂಸ್ಥೆ ಒಪ್ಪುತ್ತಿರಲಿಲ್ಲ. ಹಾಗಾಗಿ ಲೇಖಕನ ಜಾಗದಲ್ಲಿದ್ದದ್ದು ‘ಸ್ಟೂಡೆಂಟ್’ ಎಂಬ ಒಂದೇ ಪದ. ಲೇಖನದಲ್ಲಿ ಬಿಯರಿನ ಸುದ್ದಿಯಿಲ್ಲ; ನಿದ್ರೆಯ ಔಷಧಿ ಪಡೆದ 10 ರೋಗಿಗಳ ಅಂಕಿಗಳು ಉದಾಹರಣೆಯಾಗಿ ಬಂದಿವೆ. ಬಹುಕಾಲ ಅದರತ್ತ ಹೆಚ್ಚು ಜನ ಗಮನ ಹರಿಸಲಿಲ್ಲ. ಅದರ ಬೆಲೆಯನ್ನು ಅರಿತು, ವಿಸ್ತರಿಸಿ, 1925ರ ತಮ್ಮ ಗ್ರಂಥದ ಮೂಲಕ ಪ್ರಚಾರಕ್ಕೆ ತಂದವರು ಆರ್. ಎ. ಫಿಷರ್. ಗಾಸೆಟ್ 1937ರಲ್ಲಿ ತೀರಿಕೊಳ್ಳುವವರೆಗೂ ಅದೇ ಸಂಸ್ಥೆಯ ಸೇವೆಯಲ್ಲಿದ್ದರು.

ಇಂದು ಹೊಸ ಔಷಧಿಯಿಂದ ರೋಗಿಗೆ ಗುಣವಾಯಿತೇ, ಹೊಸ ಬಿತ್ತನೆ ಬೀಜ ಹೆಚ್ಚು ಇಳುವರಿ ಕೊಟ್ಟಿತೇ ಎಂದು ತಿಳಿಯಲು ಈ ಪರೀಕ್ಷೆ ಬಳಕೆಯಲ್ಲಿದೆ. ಇಲ್ಲಿ ತಪ್ಪಿದರೆ ರೋಗಿಯ ಜೀವಕ್ಕೆ, ರೈತನ ಬದುಕಿಗೆ ಪೆಟ್ಟು. ನೀವೂ ಪ್ರಯೋಗಶಾಲೆಯಲ್ಲಿ ಮೂರು ಅಳತೆ ತೆಗೆದು ಸರಾಸರಿ ಬರೆಯುತ್ತೀರಿ. ನಾಲ್ಕನೆಯ ಬಾರಿ ಅಳೆದರೆ ಆ ಅಂಕಿ ಎಷ್ಟು ಅಲುಗಾಡೀತು ಎಂದು ಒಮ್ಮೆ ಕೇಳಿಕೊಳ್ಳಿ. ಗಾಸೆಟ್ ಕೇಳಿದ್ದೂ ಅದೇ ಪ್ರಶ್ನೆಯನ್ನು.