ಮರದ ಸಿಗಡಿ

ನಮ್ಮ ಕರಾವಳಿಯಲ್ಲಿ ಬೊಂಡಾಸ್ ಎಂದು ಕರೆಯುವ ಜೀವಿಗೆ ಎಂಟು ತೋಳು, ಎರಡು ನೀಳವಾದ ಬಾಹು, ಮೂರು ಗುಂಡಿಗೆ. ಅದು ಮೀನಿನಂತೆ ಗಾಳವನ್ನು ನುಂಗುವುದಿಲ್ಲ. ಬೇಟೆಯನ್ನು ಮೊದಲು ಬಾಹುಗಳಿಂದ ಸೆಳೆದು ತಬ್ಬಿ, ಬಳಿಕ ಗಿಳಿಕೊಕ್ಕಿನಂಥ ಬಾಯಿಯಿಂದ ಕಚ್ಚಿ ಕಚ್ಚಿ ತಿನ್ನುತ್ತದೆ. ನುಂಗದ ಪ್ರಾಣಿಯನ್ನು ಗಾಳದಿಂದ ಹಿಡಿಯುವುದೆಂತು? ಜಪಾನಿನ ಬೆಸ್ತರು ಇದಕ್ಕೆ ಕಂಡುಕೊಂಡ ಉತ್ತರಕ್ಕೆ ಒಂದು ಇತಿಹಾಸವುಂಟು.

ಇಂದಿನ ಕಾಗೊಶಿಮ ಹಿಂದೆ ಸತ್ಸುಮ ಎಂಬ ಸಂಸ್ಥಾನವಾಗಿತ್ತು. 1609ರಲ್ಲಿ ಅದು ತನ್ನ ದಕ್ಷಿಣದ ಅಮಾಮಿ ದ್ವೀಪಗಳನ್ನು ವಶಪಡಿಸಿಕೊಂಡಿತು. ಆ ಸೀಮೆಯ ಐತಿಹ್ಯವೊಂದು ಹೀಗಿದೆ: ಇರುಳು ಮೀನು ಹಿಡಿಯುತ್ತಿದ್ದ ಬೆಸ್ತನೊಬ್ಬನ ಪಂಜು ಕೈಜಾರಿ ನೀರಿಗೆ ಬಿದ್ದಿತಂತೆ, ಆ ಸುಟ್ಟ ಕೊರಡನ್ನು ಬೊಂಡಾಸ್ ಬಂದು ತಬ್ಬಿತಂತೆ. ಕಥೆ ಹೇಗಾದರೂ ಇರಲಿ, ಅಲ್ಲಿ ಬಳಕೆಗೆ ಬಂದ ಸಾಧನದ ಹೆಸರು ‘ಎಗಿ’. ಎಂದರೆ ಎರೆಮರ.

ಸಿಗಡಿಯ ಆಕಾರಕ್ಕೆ ಕೆತ್ತಿದ ಮರ. ಮೈಮೇಲೆ ಸುಟ್ಟು ಬರೆದ ಗೆರೆಗಳು. ಭಾರಕ್ಕೆಂದು ಕೆಳಗೆ ಕೂಡಿಸಿದ ಹಳೆಯ ನಾಣ್ಯ. ಹಿಂದೆ ಕಿರೀಟದಂತೆ ಸುತ್ತಲೂ ಬಾಗಿದ ಸೂಜಿಗಳು. ಈ ಸೂಜಿಗಳಿಗೆ ಗಾಳದ ಹಿಮ್ಮುಳ್ಳು ಇಲ್ಲ. ಸಿಕ್ಕ ಬೊಂಡಾಸನ್ನು ಬಿಡಿಸುವುದು ಸುಲಭ. ಆದರೆ ದಾರ ಒಂದು ಗಳಿಗೆ ಸಡಿಲವಾದರೆ ಬೇಟೆ ಕೈಬಿಟ್ಟಂತೆಯೇ.

ಎಗಿಯನ್ನು ಆರಿಸುವುದೂ ಒಂದು ವಿವೇಕ. ಆಳವೂ ಸೆಳವೂ ಇರುವ ತೆರೆದ ಕಡಲಿನಲ್ಲಿ ಹಗುರವಾದದ್ದು ತಳ ಮುಟ್ಟುವ ಮೊದಲೇ ಕೊಚ್ಚಿಹೋಗುತ್ತದೆ. ಅತಿ ಭಾರವಾದದ್ದು ಕಲ್ಲಿನಂತೆ ಮುಳುಗುತ್ತದೆ. ಬೊಂಡಾಸ್ ಬಹುಮಟ್ಟಿಗೆ ತಬ್ಬುವುದು ಎಗಿ ಮೆಲ್ಲಗೆ ಇಳಿಯುತ್ತಿರುವಾಗ. ಆದುದರಿಂದ ಅದಕ್ಕೆ ಸಮಯ ಕೊಡಬೇಕು. ಗಾತ್ರವನ್ನು ‘ಸುನ್’ ಎಂಬ ಹಳೆಯ ಮಾನದಿಂದ ಅಳೆಯುತ್ತಿದ್ದರು. ಒಂದು ಸುನ್ ಎಂದರೆ ಸುಮಾರು 3 ಸೆಂಟಿಮೀಟರು. ಇಂದಿನ ಪ್ಲಾಸ್ಟಿಕ್ ಎಗಿಗಳೂ 3, 3.5 ಎಂಬ ಅದೇ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಅಂಗಡಿಯಲ್ಲಿ ಅವುಗಳ ಬಣ್ಣಗಳಿಗೆ ಎಣೆಯಿಲ್ಲ. ಸೋಜಿಗವೆಂದರೆ, ಬೊಂಡಾಸಿನ ಬಹುತೇಕ ಜಾತಿಗಳಿಗೆ ಬಣ್ಣವೇ ತಿಳಿಯದು. ಬೆಳಕು-ನೆರಳಿನ ಭೇದವಷ್ಟೇ ತಿಳಿಯುತ್ತದೆ. ಬಣ್ಣ ಮೊದಲು ಹಿಡಿಯುವುದು ಕೊಳ್ಳುವವನನ್ನೇ!

ಇದು ಒಂದೊಂದಾಗಿ ಹಿಡಿಯುವವನ ಕಥೆ. ಜಪಾನ್ ಸಮುದ್ರದ ನಡುನೀರಿನಲ್ಲಿ ನಡೆದದ್ದೇ ಬೇರೆ. ಅಲ್ಲಿ ಹಾರುವ ಬೊಂಡಾಸನ್ನು ಹಿಡಿಯಲು ಒಂದೇ ದಾರಕ್ಕೆ ಹಲವು ಗಾಳಗಳನ್ನು ಸರವಾಗಿ ಕಟ್ಟಿದರು. ಪಂಜಿನ ಜಾಗಕ್ಕೆ ವಿದ್ಯುದ್ದೀಪ ಬಂತು. 1960ರ ದಶಕದಲ್ಲಿ ದಾರವನ್ನು ತಾನೇ ಸುತ್ತುವ ಯಂತ್ರ ಹರಡಿತು. ಅದರ ರಾಟೆ ದುಂಡಗಿಲ್ಲ. ಸುತ್ತುವಾಗ ಮನುಷ್ಯನ ಕೈಯಂತೆಯೇ ದಾರವನ್ನು ಜಗ್ಗಿ ಜಗ್ಗಿ ಎಳೆಯಲೆಂದು ಹಾಗೆ ಮಾಡಿದ್ದು. 1968ರಲ್ಲಿ ಜಪಾನು ಈ ಒಂದೇ ಜಾತಿಯನ್ನು 6 ಲಕ್ಷ ಟನ್ನಿಗೂ ಮೀರಿ ಹಿಡಿಯಿತು. ಆ ದೋಣಿಗಳ ದೀಪಗಳು ಕೃತಕ ಉಪಗ್ರಹಗಳ ಕಣ್ಣಿಗೂ ಬಿದ್ದವು.

ಆದರೆ ಈ ಪ್ರಾಣಿಯ ಆಯುಸ್ಸು ಸುಮಾರು ಒಂದೇ ವರ್ಷ. ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತದೆ. ಒಂದು ವರ್ಷದ ಸಂತಾನ ಕೆಟ್ಟರೆ ಮರುವರ್ಷಕ್ಕೆ ಉಳಿಸಿಕೊಡಲು ಹಿರಿಯರೇ ಇರುವುದಿಲ್ಲ. ಕಡಲಿನ ಕಾವು ಬದಲಾದುದೂ ಮಿತಿಮೀರಿದ ಬೇಟೆಯೂ ಸೇರಿ, ಈಚಿನ ವರ್ಷಗಳಲ್ಲಿ ಸಿಗುತ್ತಿರುವುದು ಅಂದಿನದರ ಒಂದು ಸಣ್ಣ ಪಾಲು. ದೀಪ ಹೊತ್ತಿಸಿದ ದೋಣಿಗಳು ಎಷ್ಟೋ ಇರುಳು ಬರಿಗೈಯಲ್ಲಿ ಮರಳುತ್ತವೆ.

ಯಂತ್ರವು ಮನುಷ್ಯನ ಕೈಯ ಜಗ್ಗಾಟವನ್ನು ಕಲಿಯಿತು. ಸಾಕೆಂದು ನಿಲ್ಲಿಸುವುದನ್ನು ಅದಕ್ಕೆ ಯಾರೂ ಕಲಿಸಲಿಲ್ಲ.