ಚುಕ್ಕಿ, ಗೆರೆ ಮತ್ತು ಜಾಲ: ಗ್ರಾಫ್ ಚಿತ್ರಣ ಶಾಸ್ತ್ರದ ಒಂದು ಪರಿಚಯ

'ಗ್ರಾಫ್' ಎಂದೊಡನೆ ನಮ್ಮಲ್ಲಿ ಬಹುತೇಕರ ಕಣ್ಣಮುಂದೆ ಬರುವುದು ಶೇರುಪೇಟೆಯ ಏರಿಳಿತವನ್ನು ತೋರಿಸುವ ಅಂಕುಡೊಂಕಿನ ಗೆರೆ. ಗಣಿತಶಾಸ್ತ್ರದಲ್ಲಿ ಈ ಶಬ್ದಕ್ಕೆ ಬೇರೊಂದು ಅರ್ಥವಿದೆ. ಕೆಲವು ಬಿಂದುಗಳು ಮತ್ತು ಅವುಗಳಲ್ಲಿ ಎರಡೆರಡನ್ನು ಜೋಡಿಸುವ ಕೊಂಡಿಗಳು, ಇಷ್ಟೇ ಗ್ರಾಫ್. ಬಿಂದುಗಳು ಊರುಗಳಾಗಿರಬಹುದು, ವ್ಯಕ್ತಿಗಳಾಗಿರಬಹುದು, ಬ್ಯಾಂಕಿನ ಖಾತೆಗಳಾಗಿರಬಹುದು; ಕೊಂಡಿಗಳು ರಸ್ತೆಗಳು, ಸ್ನೇಹಗಳು ಅಥವಾ ಹಣದ ವರ್ಗಾವಣೆಗಳಾಗಿರಬಹುದು. ಇಂತಹ ಸಂಬಂಧಜಾಲವನ್ನು ಮನುಷ್ಯನ ಕಣ್ಣಿಗೆ ಅರ್ಥವಾಗುವಂತೆ ಕಾಗದದ ಮೇಲೋ ಪರದೆಯ ಮೇಲೋ ಬಿಡಿಸುವ ವಿಧಾನಗಳ ಅಧ್ಯಯನವೇ ಗ್ರಾಫ್ ಚಿತ್ರಣ ಶಾಸ್ತ್ರ. ಗಣಿತ, ಗಣಕ ವಿಜ್ಞಾನ ಮತ್ತು ಮನಶ್ಶಾಸ್ತ್ರಗಳು ಇಲ್ಲಿ ಒಂದೆಡೆ ಸೇರುತ್ತವೆ.

ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಆರಂಭದಲ್ಲೇ ಗಮನಿಸುವುದು ಒಳಿತು. ರಂಗೋಲಿಯಲ್ಲಿ ಚುಕ್ಕಿಗಳ ಸ್ಥಾನ ಮೊದಲು ನಿಶ್ಚಿತವಾಗುತ್ತದೆ, ಗೆರೆಗಳು ಅನಂತರ ಬರುತ್ತವೆ. ಗ್ರಾಫ್ ಚಿತ್ರಣದಲ್ಲಿ ಯಾವ ಚುಕ್ಕಿ ಯಾವುದರೊಡನೆ ಸೇರಬೇಕೆಂಬುದು ಮಾತ್ರ ಮೊದಲೇ ಗೊತ್ತಿರುತ್ತದೆ. ಚುಕ್ಕಿಯನ್ನು ಎಲ್ಲಿ ಇಡಬೇಕೆಂಬುದೇ ಪ್ರಶ್ನೆ.

ಆರಂಭದ ಹೆಜ್ಜೆಗಳು

ಗ್ರಾಫ್ ಸಿದ್ಧಾಂತದ ಮೂಲವನ್ನು ಸಾಮಾನ್ಯವಾಗಿ ಲಿಯೊನಾರ್ಡ್ ಆಯ್ಲರ್‌ನ 1736ರ ಪ್ರಬಂಧದಲ್ಲಿ ಗುರುತಿಸುತ್ತಾರೆ. ಕೋನಿಗ್ಸ್‌ಬರ್ಗ್ (ಇಂದಿನ ರಷ್ಯಾದ ಕಲಿನಿನ್‌ಗ್ರಾಡ್) ನಗರದ ಪ್ರೆಗೆಲ್ ನದಿಗೆ ಇದ್ದ 7 ಸೇತುವೆಗಳನ್ನು ಒಂದೊಂದು ಬಾರಿ ಮಾತ್ರ ದಾಟಿ ತಿರುಗಾಟ ಮುಗಿಸಲು ಸಾಧ್ಯವೇ ಎಂಬುದು ಪ್ರಶ್ನೆ. ನಾಲ್ಕು ಭೂಭಾಗಗಳಿಗೂ ಬೆಸಸಂಖ್ಯೆಯ ಸೇತುವೆಗಳಿರುವುದರಿಂದ ಅದು ಅಸಾಧ್ಯವೆಂದು ಆಯ್ಲರ್ ತೋರಿಸಿದನು. ಇಂದು ಪಠ್ಯಪುಸ್ತಕಗಳಲ್ಲಿ ಕಾಣುವ ನಾಲ್ಕು ಚುಕ್ಕಿ, ಏಳು ಗೆರೆಗಳ ಚಿತ್ರ ಆಯ್ಲರ್‌ನ ಪ್ರಬಂಧದಲ್ಲಿ ಇಲ್ಲವೆಂಬುದು ಸ್ವಾರಸ್ಯಕರ. ಆ ಚಿತ್ರ 19ನೆಯ ಶತಮಾನದ ಕೊನೆಯ ಭಾಗದ್ದು. 'ಗ್ರಾಫ್' ಎಂಬ ಹೆಸರನ್ನು ಈ ಅರ್ಥದಲ್ಲಿ ಬಳಕೆಗೆ ತಂದವನು ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್. 1878ರಲ್ಲಿ ರಸಾಯನಶಾಸ್ತ್ರದ ಅಣುಚಿತ್ರಗಳನ್ನು ಕುರಿತು ಬರೆಯುವಾಗ ಆತ ಆ ಶಬ್ದವನ್ನು ಬಳಸಿದನು.

ಮನುಷ್ಯ ಸಂಬಂಧಗಳನ್ನು ಚುಕ್ಕಿ-ಗೆರೆಗಳಲ್ಲಿ ಬಿಡಿಸಿ ಪ್ರಸಿದ್ಧಿಗೆ ಬಂದವನು ಮನೋವೈದ್ಯ ಜೇಕಬ್ ಮೊರೆನೊ. 1932ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನಲ್ಲಿದ್ದ ಬಾಲಕಿಯರ ಸುಧಾರಣಾ ಶಾಲೆಯಿಂದ ಕೇವಲ ಎರಡು ವಾರಗಳಲ್ಲಿ 14 ಹುಡುಗಿಯರು ಓಡಿಹೋದರು. ಒಬ್ಬೊಬ್ಬಳ ಸ್ವಭಾವದಲ್ಲಿ ಕಾರಣ ಹುಡುಕುವ ಬದಲು ಅವರ ನಡುವಣ ಸ್ನೇಹ-ದ್ವೇಷಗಳ ನಕ್ಷೆಯಲ್ಲಿ ಮೊರೆನೊ ಕಾರಣ ಹುಡುಕಿದನು. ಓಡಿಹೋಗುವ ವಿಚಾರ ಈ ಕೊಂಡಿಗಳ ಮೂಲಕವೇ ಹರಡಿತ್ತೆಂಬುದು ಆತನ ವಾದ. 1933ರಲ್ಲಿ ಆತನ ಚಿತ್ರಗಳು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ವರದಿಯಾದವು, 1934ರಲ್ಲಿ ಆತನ ಗ್ರಂಥ ಪ್ರಕಟವಾಯಿತು.

ಅದೇ 1933ರಲ್ಲಿ ಲಂಡನ್ನಿನ ಭೂಗತ ರೈಲಿನ ಹೊಸ ನಕ್ಷೆ ಹೊರಬಂದಿತು. ಇದರ ಕರ್ತೃ ಹ್ಯಾರಿ ಬೆಕ್. ನೆಲದ ಮೇಲಿನ ನಿಜವಾದ ದೂರಗಳನ್ನು ಬದಿಗಿಟ್ಟು, ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆಯ ಗೆರೆಗಳಲ್ಲೇ ಆತ ಇಡೀ ಜಾಲವನ್ನು ಬಿಡಿಸಿದನು. ಪ್ರಯಾಣಿಕನಿಗೆ ಬೇಕಾದುದು ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು ಎಂಬುದಷ್ಟೇ. ಇಂದು ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದು, ಬೆಂಗಳೂರುಗಳ ಮೆಟ್ರೋ ಗೋಡೆಗಳಲ್ಲಿ ನಾವು ಕಾಣುವ ನಕ್ಷೆಗಳು ಇದೇ ಪರಂಪರೆಗೆ ಸೇರಿದವು.

ಗೆರೆಗಳು ಒಂದನ್ನೊಂದು ದಾಟಿದಾಗ

ಚಿತ್ರ ಸ್ಪಷ್ಟವಾಗಿರಬೇಕಾದರೆ ಗೆರೆಗಳು ಆದಷ್ಟು ಕಡಿಮೆ ಕಡೆ ಅಡ್ಡ ಹಾಯಬೇಕು. ಒಂದೂ ಛೇದನವಿಲ್ಲದೆ ಬಿಡಿಸಬಹುದಾದ ಗ್ರಾಫಿಗೆ 'ಸಮತಲ ಗ್ರಾಫ್' ಎಂದು ಹೆಸರು. ಮೂರು ಮನೆಗಳಿಗೆ ನೀರು, ಅನಿಲ, ವಿದ್ಯುತ್ತು ಎಂಬ ಮೂರು ಮೂಲಗಳಿಂದ ಕೊಳವೆಗಳನ್ನು ಒಂದನ್ನೊಂದು ದಾಟದಂತೆ ಎಳೆಯಿರಿ ಎಂಬ ಹಳೆಯ ಒಗಟಿಗೆ ಉತ್ತರವೇ ಇಲ್ಲ. ಐದು ಚುಕ್ಕಿಗಳಲ್ಲಿ ಪ್ರತಿಯೊಂದನ್ನೂ ಉಳಿದೆಲ್ಲಕ್ಕೆ ಜೋಡಿಸುವುದೂ ಹಾಗೆಯೇ ಅಸಾಧ್ಯ. ಸಮತಲವಲ್ಲದ ಪ್ರತಿಯೊಂದು ಗ್ರಾಫಿನ ಒಡಲಿನಲ್ಲಿಯೂ ಇವೆರಡರಲ್ಲಿ ಒಂದು ಯಾವುದಾದರೂ ರೂಪದಲ್ಲಿ ಅಡಗಿರುತ್ತದೆಂದು ಪೋಲೆಂಡಿನ ಕಾಜಿಮೀರ್ಜ್ ಕುರಟೋವ್‌ಸ್ಕಿ 1930ರಲ್ಲಿ ಸಾಧಿಸಿದನು. ಸಮತಲ ಗ್ರಾಫುಗಳನ್ನು ಬಾಗಿಲ್ಲದ ಸರಳರೇಖೆಗಳಿಂದಲೇ ಬಿಡಿಸಬಹುದೆಂದು 1948ರಲ್ಲಿ ಇಸ್ತ್‌ವಾನ್ ಫಾರಿ ತೋರಿಸಿದನು. ಗ್ರಾಫ್ ಸಮತಲವೇ ಅಲ್ಲವೇ ಎಂಬುದನ್ನು ಗಣಕಯಂತ್ರವು ಅತಿ ಶೀಘ್ರವಾಗಿ ಪರೀಕ್ಷಿಸುವ ವಿಧಾನವನ್ನು 1974ರಲ್ಲಿ ಹಾಪ್‌ಕ್ರಾಫ್ಟ್ ಮತ್ತು ಟಾರ್ಜನ್ ನೀಡಿದರು.

ಆದರೆ ಸಮತಲವಲ್ಲದ ಗ್ರಾಫುಗಳಲ್ಲಿ ಛೇದನಗಳ ಕನಿಷ್ಠ ಸಂಖ್ಯೆಯನ್ನು ಕಂಡುಹಿಡಿಯುವುದು ಅತ್ಯಂತ ಕಠಿಣ. ಈ ಪ್ರಶ್ನೆ ಹುಟ್ಟಿದ ಸಂದರ್ಭವೂ ಮನಕಲಕುವಂಥದು. ಹಂಗೇರಿಯ ಯಹೂದಿ ಗಣಿತಜ್ಞ ಪಾಲ್ ಟುರಾನ್ 1944ರಲ್ಲಿ ಬುಡಾಪೆಸ್ಟ್ ಸಮೀಪದ ಇಟ್ಟಿಗೆ ಕಾರ್ಖಾನೆಯಲ್ಲಿ ಬಲವಂತದ ದುಡಿಮೆಗೆ ಒಳಗಾಗಿದ್ದನು. ಪ್ರತಿಯೊಂದು ಗೂಡಿನಿಂದ ಪ್ರತಿಯೊಂದು ದಾಸ್ತಾನು ಕಟ್ಟೆಗೂ ಹಳಿಗಳಿದ್ದವು. ಹಳಿಗಳು ಅಡ್ಡ ಹಾಯುವಲ್ಲಿ ಬಂಡಿಗಳು ನೆಗೆದು ಇಟ್ಟಿಗೆಗಳು ಕೆಳಗುರುಳುತ್ತಿದ್ದವು. ಹಳಿಗಳನ್ನು ಹೇಗೆ ಹಾಸಿದ್ದರೆ ಈ ದಾಟುಗಳು ಕನಿಷ್ಠವಾಗುತ್ತಿದ್ದವು ಎಂದು ಆತ ಯೋಚಿಸಿದನು. ಮೂರು ಗೂಡು, ಮೂರು ಕಟ್ಟೆಗಳಿಗೆ ಒಂದು ದಾಟು ಸಾಕು; ನಾಲ್ಕು-ನಾಲ್ಕಕ್ಕೆ 4, ಐದು-ಐದಕ್ಕೆ 16. ಎಷ್ಟೇ ಗೂಡು, ಎಷ್ಟೇ ಕಟ್ಟೆಗಳಿದ್ದರೂ ಅನ್ವಯಿಸುವ ಸೂತ್ರವೊಂದನ್ನು ಜಾರಾನ್‌ಕಿವಿಚ್ 1950ರ ದಶಕದಲ್ಲಿ ಮುಂದಿಟ್ಟನಾದರೂ ಆತನ ಸಾಧನೆಯಲ್ಲಿ ದೋಷವಿತ್ತು. ಒಂದು ಪಕ್ಷದಲ್ಲಿ ಸಂಖ್ಯೆ 6ನ್ನು ಮೀರದಿದ್ದರೆ ಸೂತ್ರ ಸರಿಯೆಂದು 1970ರಲ್ಲಿ ಕ್ಲೈಟ್‌ಮನ್ ಸಾಧಿಸಿದನು. ಸಾರ್ವತ್ರಿಕ ಸಾಧನೆ ಇಂದಿಗೂ ದೊರೆತಿಲ್ಲ. ಯಾವುದೇ ಗ್ರಾಫಿನ ಕನಿಷ್ಠ ಛೇದನಗಳನ್ನು ಲೆಕ್ಕಹಾಕುವ ಸಮಸ್ಯೆ, ಶೀಘ್ರವಾಗಿ ಬಿಡಿಸುವ ವಿಧಾನ ತಿಳಿದಿಲ್ಲದ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರಿದುದೆಂದು ಗ್ಯಾರಿ ಮತ್ತು ಜಾನ್ಸನ್ 1983ರಲ್ಲಿ ತೋರಿಸಿದರು.

ಯಂತ್ರಕ್ಕೆ ಚಿತ್ರ ಬಿಡಿಸಲು ಕಲಿಸುವುದು

ಈ ಶಾಸ್ತ್ರದ ತಳಹದಿಯ ಪ್ರಬಂಧಗಳಲ್ಲಿ ಒಂದು 1963ರ 'ಗ್ರಾಫನ್ನು ಬಿಡಿಸುವುದು ಹೇಗೆ' ಎಂಬುದು. ಇದರ ಲೇಖಕ ವಿಲಿಯಂ ಟಟ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನಿಯ ಲೊರೆಂಜ್ ಗೂಢಲಿಪಿ ಯಂತ್ರದ ರಚನೆಯನ್ನು ಅದನ್ನು ಕಣ್ಣಾರೆ ಕಾಣದೆಯೇ ಊಹಿಸಿದ ಮೇಧಾವಿ. ಹೊರ ಅಂಚಿನ ಬಿಂದುಗಳನ್ನು ಉಬ್ಬಿದ ಬಹುಭುಜದ ಮೂಲೆಗಳಲ್ಲಿ ಮೊಳೆ ಹೊಡೆದಂತೆ ಕೂರಿಸಿ, ಒಳಗಿನ ಪ್ರತಿಯೊಂದು ಬಿಂದುವನ್ನೂ ಅದರ ನೆರೆಯ ಬಿಂದುಗಳ ಸರಾಸರಿ ಸ್ಥಾನದಲ್ಲಿಡಬೇಕು ಎಂಬುದು ಟಟ್‌ನ ವಿಧಾನ. ಸಾಕಷ್ಟು ಬಿಗಿಯಾಗಿ ಹೆಣೆದ ಸಮತಲ ಗ್ರಾಫುಗಳಲ್ಲಿ ಇದು ಛೇದನವಿಲ್ಲದ ಚಿತ್ರವನ್ನೇ ಕೊಡುತ್ತದೆ.

ಮೇಲಿನಿಂದ ಕೆಳಗೆ ಹರಿಯುವ ಸಂಬಂಧಗಳಿಗೆ, ಅಂದರೆ ಆಡಳಿತದ ಶ್ರೇಣಿ ಅಥವಾ ಕೆಲಸದ ಹಂತಗಳಿಗೆ, ಜಪಾನಿನ ಸುಗಿಯಾಮಾ ಮತ್ತು ಸಂಗಡಿಗರು 1981ರಲ್ಲಿ ಪದರಪದ್ಧತಿಯನ್ನು ರೂಪಿಸಿದರು. ಬಿಂದುಗಳನ್ನು ಪದರಗಳಲ್ಲಿ ಹಂಚಿ, ಪ್ರತಿ ಪದರದೊಳಗೆ ದಾಟು ಕಡಿಮೆಯಾಗುವಂತೆ ಸಾಲು ಬದಲಿಸುವುದು ಇದರ ತಿರುಳು.

ಸಾಮಾನ್ಯ ಜಾಲಗಳಿಗೆ ಹೆಚ್ಚು ಬಳಕೆಯಲ್ಲಿರುವುದು ಸ್ಪ್ರಿಂಗ್ ಪದ್ಧತಿ. 1984ರಲ್ಲಿ ಆಸ್ಟ್ರೇಲಿಯಾದ ಪೀಟರ್ ಈಡ್ಸ್ ಇದನ್ನು ಸೂಚಿಸಿದನು. ಪ್ರತಿ ಕೊಂಡಿಯೂ ಸ್ಪ್ರಿಂಗ್, ಕೊಂಡಿಯಿಲ್ಲದ ಬಿಂದುಗಳು ಪರಸ್ಪರ ದೂರ ತಳ್ಳುತ್ತವೆ ಎಂದು ಭಾವಿಸಿ, ಎಲ್ಲವನ್ನೂ ಕೈಬಿಟ್ಟರೆ ವ್ಯವಸ್ಥೆ ತಾನಾಗಿ ಸಮಸ್ಥಿತಿಗೆ ಬರುತ್ತದೆ. 1989ರಲ್ಲಿ ಕಮಾಡಾ-ಕವಾಯಿ, 1991ರಲ್ಲಿ ಫ್ರಕ್ಟರ್‌ಮನ್-ರೈನ್‌ಗೋಲ್ಡ್ ಇದನ್ನು ಬೆಳೆಸಿದರು. ಒಂದೇ ತೊಡಕೆಂದರೆ ಲೆಕ್ಕದ ಹೊರೆ: 1000 ಬಿಂದುಗಳಿದ್ದರೆ ಒಂದೊಂದು ಸುತ್ತಿಗೂ ಸುಮಾರು 5 ಲಕ್ಷ ಜೋಡಿಗಳನ್ನು ಪರಿಶೀಲಿಸಬೇಕು. ದೂರದ ಗುಂಪುಗಳನ್ನು ಒಂದೇ ಬಿಂದುವೆಂದು ಪರಿಗಣಿಸುವ, ಖಗೋಳ ಲೆಕ್ಕಾಚಾರದಿಂದ ಬಂದ ಉಪಾಯ ಈ ಹೊರೆಯನ್ನು ಇಳಿಸಿತು.

1992ರಿಂದ ಸಂಶೋಧಕರು ಪ್ರತಿವರ್ಷ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಸೇರುತ್ತಿದ್ದಾರೆ. ಬೆಲ್ ಪ್ರಯೋಗಾಲಯದ ಗ್ರಾಫ್‌ವಿಜ್, ಸ್ಲೊವೇನಿಯಾದ ಪಾಯೆಕ್ (ಆ ಭಾಷೆಯಲ್ಲಿ 'ಜೇಡ' ಎಂದರ್ಥ), ಫ್ರಾನ್ಸಿನ ಗೆಫಿ ಮುಂತಾದ ತಂತ್ರಾಂಶಗಳು ಇಂದು ಆಸಕ್ತರಿಗೆ ಉಚಿತವಾಗಿ ದೊರೆಯುತ್ತವೆ.

ಯಾವುದು ಒಳ್ಳೆಯ ಚಿತ್ರ?

ಸೌಂದರ್ಯದ ನಿಯಮಗಳನ್ನು ಬಹುಕಾಲ ಊಹೆಯ ಮೇಲೆಯೇ ಒಪ್ಪಿಕೊಳ್ಳಲಾಗಿತ್ತು. 1997ರಲ್ಲಿ ಹೆಲೆನ್ ಪರ್ಚೇಸ್ ಅವರು ಜನರಿಗೆ ಚಿತ್ರಗಳನ್ನು ತೋರಿಸಿ, ಪ್ರಶ್ನೆ ಕೇಳಿ ಪರೀಕ್ಷಿಸಿದರು. ಛೇದನಗಳನ್ನು ಕಡಿಮೆ ಮಾಡುವುದೇ ಅರ್ಥಗ್ರಹಣಕ್ಕೆ ಅತ್ಯಂತ ಸಹಾಯಕವೆಂದು ತಿಳಿದುಬಂದಿತು. ಬಾಗುಗಳ ಕಡಿತಕ್ಕೂ ಸಮಮಿತಿಗೂ ಅದಕ್ಕಿಂತ ಕಡಿಮೆ ಪ್ರಭಾವವಿತ್ತು. 2004ರಲ್ಲಿ ಫ್ರಾನ್ಸಿನ ಸಂಶೋಧಕರು ಇನ್ನೊಂದು ಸತ್ಯವನ್ನು ಮುಂದಿಟ್ಟರು. ಬಿಂದುಗಳು ಇಪ್ಪತ್ತನ್ನು ಮೀರಿದರೆ ಚುಕ್ಕಿ-ಗೆರೆಗಳಿಗಿಂತ ಸಾಲು-ಕಂಬಗಳ ಕೋಷ್ಟಕವೇ ಬಹುತೇಕ ಕೆಲಸಗಳಿಗೆ ಅನುಕೂಲ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ದಾರಿ ಹುಡುಕುವಾಗ ಮಾತ್ರ ಗೆರೆಗಳೇ ಮೇಲು. ಲೆಡ್ಜರ್ ಪುಸ್ತಕದೊಡನೆ ಬಾಳಿದವರಿಗೆ ಇದು ಅಚ್ಚರಿಯೆನಿಸಲಾರದು.

ಲೊಂಬಾರ್ಡಿಯ ಪೆನ್ಸಿಲ್ ಗೆರೆಗಳು

ಬ್ಯಾಂಕಿಂಗ್ ಕ್ಷೇತ್ರದವರು ವಿಶೇಷವಾಗಿ ನೆನೆಯಬೇಕಾದ ಹೆಸರು ಅಮೆರಿಕದ ಕಲಾವಿದ ಮಾರ್ಕ್ ಲೊಂಬಾರ್ಡಿಯದು (1951-2000). ಪತ್ರಿಕೆ ಮತ್ತು ಪುಸ್ತಕಗಳಲ್ಲಿ ಪ್ರಕಟವಾದ ಮಾಹಿತಿಯನ್ನಷ್ಟೇ ಸಾವಿರಾರು ಸೂಚಿ ಚೀಟಿಗಳಲ್ಲಿ ಬರೆದಿಟ್ಟು, ಹಣಕಾಸಿನ ಹಗರಣಗಳನ್ನು ಈತ ಪೆನ್ಸಿಲಿನ ಬಾಗುಗೆರೆಗಳಲ್ಲಿ ಚಿತ್ರಿಸಿದನು. 1991ರಲ್ಲಿ ನಿಯಂತ್ರಕರು ಮುಚ್ಚಿಸಿದ ಬಿ.ಸಿ.ಸಿ.ಐ. ಬ್ಯಾಂಕಿನ ಜಾಲಚಿತ್ರ ಆತನ ಪ್ರಸಿದ್ಧ ಕೃತಿ. ಆ ಬ್ಯಾಂಕಿಗೆ ಮುಂಬಯಿಯಲ್ಲಿಯೂ ಶಾಖೆಯಿತ್ತು. ಮುಚ್ಚಿದ ಅನಂತರ ಅದರ ವ್ಯವಹಾರವನ್ನು ಭಾರತೀಯ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯೊಂದು ವಹಿಸಿಕೊಂಡಿತು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿದ್ದ ಈ ಚಿತ್ರವನ್ನು ಪರಿಶೀಲಿಸಲು ಅಮೆರಿಕದ ತನಿಖಾ ಸಂಸ್ಥೆ ಎಫ್.ಬಿ.ಐ. ಮುಂದಾಯಿತು. ಕೊಂಡಿಗಳನ್ನು ವೃತ್ತಖಂಡಗಳಾಗಿ, ಬಿಂದುವಿನ ಸುತ್ತ ಸಮಕೋನಾಂತರದಲ್ಲಿ ಬಿಡಿಸುವ ಶೈಲಿಯನ್ನು ಗಣಕ ವಿಜ್ಞಾನಿಗಳು 2010ರಿಂದ 'ಲೊಂಬಾರ್ಡಿ ಚಿತ್ರಣ' ಎಂದೇ ಕರೆಯುತ್ತಾರೆ.

ಆತ ಕೈಯಿಂದ ಮಾಡಿದ್ದನ್ನು ಇಂದು ಯಂತ್ರಗಳು ಮಾಡುತ್ತಿವೆ. 2016ರ ಪನಾಮಾ ಪತ್ರಗಳ 1.15 ಕೋಟಿ ದಾಖಲೆಗಳನ್ನು ಪತ್ರಕರ್ತರು ಶೋಧಿಸಿದಾಗ ಜಾಲಚಿತ್ರ ತಂತ್ರಾಂಶಗಳನ್ನು ಬಳಸಿದರು. ಒಂದೊಂದು ಖಾತೆಯನ್ನೇ ನೋಡಿದಾಗ ಯಾವ ದೋಷವೂ ಕಾಣದಿರಬಹುದು. ಹತ್ತು ಖಾತೆಗಳ ಹಣ ಸುತ್ತಿ ಬಳಸಿ ಒಂದೇ ಕಡೆ ಸೇರುವುದು ಚಿತ್ರದಲ್ಲಿ ಥಟ್ಟನೆ ಗೋಚರಿಸುತ್ತದೆ.

ಎಚ್ಚರಿಕೆಯ ಮಾತು

ಇಲ್ಲಿಯೇ ಒಂದು ಅಪಾಯವೂ ಇದೆ. ಸ್ಪ್ರಿಂಗ್ ಪದ್ಧತಿಯಲ್ಲಿ ಆರಂಭದ ಸ್ಥಾನಗಳು ಬದಲಾದರೆ ಅದೇ ಮಾಹಿತಿಗೆ ಬೇರೆಯೇ ಚಿತ್ರ ಬರಬಹುದು. ಚಿತ್ರದಲ್ಲಿ ಹತ್ತಿರವಿರುವವರು ವಾಸ್ತವದಲ್ಲಿ ಹತ್ತಿರದವರೇ ಆಗಿರಬೇಕಿಲ್ಲ. ನಡುವೆ ಬಿದ್ದ ಹೆಸರು ಸೂತ್ರಧಾರನದೆಂದು ಕಣ್ಣು ತೀರ್ಮಾನಿಸುತ್ತದೆ. ಆದರೆ ಅಲ್ಲಿರುವುದು ನೂರಾರು ಮಂದಿಗೆ ಸಂಬಳ ಹಂಚುವ ಅಮಾಯಕ ಖಾತೆಯಾಗಿರಬಹುದು. ಬಿಂದುಗಳು ಸಾವಿರಗಳನ್ನು ಮೀರಿದಾಗ ಚಿತ್ರ ಸಿಕ್ಕುಗಟ್ಟಿದ ನೂಲಿನುಂಡೆಯಾಗಿ, ನೋಡುವವನು ತನಗೆ ಬೇಕಾದುದನ್ನೇ ಅದರಲ್ಲಿ ಕಾಣತೊಡಗುತ್ತಾನೆ. ಒಬ್ಬನ ಮಾನ ಮತ್ತು ಜೀವನೋಪಾಯಗಳು ಇಂತಹ ಚಿತ್ರವನ್ನು ಅವಲಂಬಿಸುವ ಸಂದರ್ಭಗಳು ಹೆಚ್ಚುತ್ತಿರುವುದರಿಂದ, ಪ್ರತಿ ಗೆರೆಯ ಹಿಂದಿರುವ ದಾಖಲೆಯನ್ನು ಕೇಳುವ ಅಭ್ಯಾಸ ಅತ್ಯಗತ್ಯ. ಲೊಂಬಾರ್ಡಿಯ ಚಿತ್ರಗಳಿಗೆ ಬೆಲೆ ಬಂದುದು ಅವುಗಳ ಸೊಬಗಿನಿಂದ ಮಾತ್ರವಲ್ಲ; ಪ್ರತಿ ಗೆರೆಗೂ ಆಧಾರವಾಗಿ ಆತನ ಬಳಿ ಒಂದು ಚೀಟಿ ಇತ್ತು ಎಂಬುದರಿಂದ.