ಪೀಚ್ ಸ್ಪ್ರಿಂಗ್ಸ್ ಟಫ್

ಪೀಚ್ ಸ್ಪ್ರಿಂಗ್ಸ್ ಟಫ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ ಹರಡಿರುವ ಒಂದು ಇಗ್ನಿಂಬ್ರೈಟ್ ಶಿಲಾಸ್ತರ. ಸುಮಾರು 1.88 ಕೋಟಿ ವರ್ಷಗಳ ಹಿಂದೆ, ಮಯೋಸೀನ್ ಯುಗದ ಆದಿಭಾಗದಲ್ಲಿ, ಒಂದೇ ಮಹಾಸ್ಫೋಟದಿಂದ ಇದು ಉಂಟಾಯಿತು. ಅರಿಜೋನ ರಾಜ್ಯದ ಪೀಚ್ ಸ್ಪ್ರಿಂಗ್ಸ್ ಊರಿನಿಂದ ಇದಕ್ಕೆ ಈ ಹೆಸರು ಬಂದಿದೆ. ಈ ಪ್ರದೇಶದ ಭೂಕವಚವು ಹೇಗೆ ಹಿಗ್ಗಿತು, ವಾಲಿತು ಮತ್ತು ತಿರುಗಿತು ಎಂಬುದನ್ನು ತಿಳಿಯಲು ಭೂವಿಜ್ಞಾನಿಗಳು ಇದನ್ನು ಗುರುತುಸ್ತರವಾಗಿ ಬಳಸುತ್ತಾರೆ.

ರಚನೆ ಮತ್ತು ವ್ಯಾಪ್ತಿ

ಸ್ಫೋಟದ ವೇಳೆ ಬಿಸಿ ಬೂದಿ, ಅನಿಲ ಹಾಗೂ ನೊರೆಗಲ್ಲಿನ ಚೂರುಗಳು ದಟ್ಟವಾದ ಪ್ರವಾಹವಾಗಿ ನೆಲಕ್ಕೆ ತಾಗಿಕೊಂಡು ಹರಿಯುತ್ತವೆ. ಇಂತಹ ಪ್ರವಾಹವು ನಿಂತು ಗಟ್ಟಿಯಾದಾಗ ದೊರೆಯುವ ಶಿಲೆಯೇ ಇಗ್ನಿಂಬ್ರೈಟ್. ಪೀಚ್ ಸ್ಪ್ರಿಂಗ್ಸ್ ಟಫ್ ಅರಿಜೋನದ ಕೊಲೊರಾಡೊ ಪ್ರಸ್ಥಭೂಮಿಯ ಪಶ್ಚಿಮ ಅಂಚಿನಿಂದ ಕ್ಯಾಲಿಫೋರ್ನಿಯದ ಬಾರ್‌ಸ್ಟೋ ಸಮೀಪದವರೆಗೆ, 300 ಕಿ.ಮೀ.ಗೂ ಹೆಚ್ಚು ದೂರ, ಬಿಡಿಬಿಡಿಯಾಗಿ ಕಾಣಸಿಗುತ್ತದೆ. ನೆವಾಡದ ದಕ್ಷಿಣ ತುದಿಯಲ್ಲಿಯೂ ಇದರ ಭಾಗಗಳಿವೆ. ಇದರ ಉಗಮಸ್ಥಾನ ಅರಿಜೋನದ ಓಟ್‌ಮನ್ ಬಳಿಯ ಸಿಲ್ವರ್ ಕ್ರೀಕ್ ಕಾಲ್ಡೆರ. ಈ ಜ್ವಾಲಾಮುಖಿ ಕುಂಡವೂ ನಂತರದ ಸ್ತರಭಂಗಗಳಿಂದ ಒಡೆದು ಚದುರಿದ್ದರಿಂದ ಅದನ್ನು ಗುರುತಿಸುವುದು ತಡವಾಯಿತು.

ಗುರುತಿಸುವ ವಿಧಾನ

ದೂರದೂರದ ಬೆಟ್ಟಗಳಲ್ಲಿರುವ ಶಿಲೆಗಳು ಒಂದೇ ಸ್ಫೋಟದವು ಎಂದು ಖಚಿತವಾಗದೆ ಮುಂದಿನ ಯಾವ ತೀರ್ಮಾನವೂ ನಿಲ್ಲದು. ಇದಕ್ಕೆ ಮೂರು ಆಧಾರಗಳಿವೆ. ಮೊದಲನೆಯದು ಖನಿಜಗಳು: ಈ ಟಫ್‌ನಲ್ಲಿ ಸ್ಯಾನಿಡಿನ್ ಹರಳುಗಳು ಹೇರಳವಾಗಿದ್ದು, ಜೊತೆಗೆ ಸ್ಫೀನ್ ಖನಿಜವೂ ಇರುತ್ತದೆ. ಎರಡನೆಯದು ವಯಸ್ಸು: ಹಳೆಯ ಪೊಟ್ಯಾಸಿಯಂ-ಆರ್ಗಾನ್ ವಿಧಾನ ಬೇರೆಬೇರೆ ಸ್ಥಳಗಳಲ್ಲಿ ಹಲವು ದಶಲಕ್ಷ ವರ್ಷಗಳ ಅಂತರದ ಉತ್ತರ ನೀಡಿತ್ತು, ಸ್ಯಾನಿಡಿನ್ ಹರಳುಗಳ ಆರ್ಗಾನ್-ಆರ್ಗಾನ್ ಮಾಪನ ಈ ಗೊಂದಲವನ್ನು ನಿವಾರಿಸಿತು. ಮೂರನೆಯದು ಕಾಂತತೆ: ಶಿಲೆ ತಣಿಯುವಾಗ ಅದರಲ್ಲಿನ ಮ್ಯಾಗ್ನೆಟೈಟ್‌ನಂತಹ ಖನಿಜಗಳು ಅಂದಿನ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಡುತ್ತವೆ. ಈ ಟಫ್‌ನ ಕಾಂತೀಯ ದಿಕ್ಕು ಈಶಾನ್ಯಕ್ಕೆ ವಾಲಿದ್ದು, ಸಾಮಾನ್ಯವಾಗಿ ನಿರೀಕ್ಷಿಸುವ ಉತ್ತರ ದಿಕ್ಕಿಗಿಂತ ಭಿನ್ನವಾಗಿದೆ.

ಭೂರಚನಾ ಇತಿಹಾಸದ ಪುರಾವೆ

ಭೂವೈಜ್ಞಾನಿಕ ಕಾಲಮಾನದಲ್ಲಿ ಈ ಸ್ತರ ಒಂದೇ ಕ್ಷಣದಲ್ಲಿ ಹಾಸಿದಂತಿದೆ. ಆದ್ದರಿಂದ ಅದರ ಇಂದಿನ ವಾಲುವಿಕೆ, ಮುರಿತ ಮತ್ತು ಸ್ಥಾನಪಲ್ಲಟಗಳಲ್ಲಿ ಬಹುಪಾಲು ಸ್ಫೋಟದ ನಂತರ ಆದವು.

ಕೊಲೊರಾಡೊ ನದಿಯ ಕಣಿವೆಯುದ್ದಕ್ಕೂ ಭೂಕವಚವು ಮಯೋಸೀನ್ ಯುಗದಲ್ಲಿ ಬಹಳವಾಗಿ ಹಿಗ್ಗಿತು. ಅಲ್ಲಿ ಟಫ್‌ನ ಕೆಳಗಿನ ಸ್ತರಗಳು ಟಫ್‌ಗಿಂತ ಹೆಚ್ಚು ಕಡಿದಾಗಿ ವಾಲಿದ್ದರೆ, ಹಿಗ್ಗುವಿಕೆ ಸ್ಫೋಟಕ್ಕೆ ಮೊದಲೇ ಆರಂಭವಾಗಿತ್ತು ಎಂದರ್ಥ. ಎರಡೂ ಸಮನಾಗಿ ವಾಲಿದ್ದರೆ ಆ ಸ್ಥಳದ ವಾಲುವಿಕೆ ಸ್ಫೋಟದ ನಂತರದ್ದು.

ಕಾಂತತೆಯು ಬೆಟ್ಟಗಳ ಸಮತಲ ತಿರುಗುವಿಕೆಯನ್ನೂ ತೋರಿಸುತ್ತದೆ. ಹೆಚ್ಚು ವಿರೂಪಗೊಳ್ಳದ ಕೊಲೊರಾಡೊ ಪ್ರಸ್ಥಭೂಮಿಯಲ್ಲಿನ ದಿಕ್ಕನ್ನು ಮಾನದಂಡವಾಗಿಟ್ಟು, ವಾಲುವಿಕೆಯನ್ನು ಸರಿಪಡಿಸಿದ ಬಳಿಕ, ಇತರ ಸ್ಥಳಗಳ ದಿಕ್ಕನ್ನು ಅದರೊಂದಿಗೆ ಹೋಲಿಸಲಾಗುತ್ತದೆ. 1989ರಲ್ಲಿ ರೇ ವೆಲ್ಸ್ ಮತ್ತು ಜಾನ್ ಹಿಲ್‌ಹೌಸ್ ಈ ವಿಧಾನದ ಅಧ್ಯಯನವನ್ನು ಪ್ರಕಟಿಸಿದರು.

ಹುವಾಲಪೈ ಪ್ರಸ್ಥಭೂಮಿಯಲ್ಲಿ ಟಫ್ ಹಳೆಯ ಕಣಿವೆಗಳೊಳಗೆ ತುಂಬಿಕೊಂಡಿದೆ. ಹಾಗಾಗಿ ಆ ಕಣಿವೆಗಳು 1.88 ಕೋಟಿ ವರ್ಷಗಳಿಗಿಂತ ಹಳೆಯವು. ಅವುಗಳಲ್ಲಿನ ಪ್ರಾಚೀನ ಜಲ್ಲಿಯು ನೀರು ಈಶಾನ್ಯದತ್ತ ಹರಿಯುತ್ತಿತ್ತೆಂದು ತಿಳಿಸುತ್ತದೆ. ಅಂದರೆ ಇಂದು ತಗ್ಗಾಗಿರುವ ನೈಋತ್ಯ ಭಾಗ ಅಂದು ಎತ್ತರದ ನಾಡಾಗಿತ್ತು.

ಮಿತಿಗಳು

ಭೂಕಾಂತಕ್ಷೇತ್ರದ ದಿಕ್ಕು ಶತಮಾನಗಳಲ್ಲೇ ಬದಲಾಗುತ್ತದೆ. ಆದ್ದರಿಂದ ಒಂದೇ ಸ್ಫೋಟದ ಶಿಲೆಯಿಂದ ಸ್ಥಳಗಳ ಪರಸ್ಪರ ತಿರುಗುವಿಕೆಯನ್ನು ಅಳೆಯಬಹುದೇ ಹೊರತು, ಆ ಕಾಲದ ಧ್ರುವದ ಸರಾಸರಿ ಸ್ಥಾನವನ್ನು ಅರಿಯಲಾಗದು. ಪ್ರವಾಹವು ಏರುತಗ್ಗಿನ ನೆಲದ ಮೇಲೆ ಹರಿದಲ್ಲಿ ಸ್ತರ ಮೂಲತಃ ಇಳಿಜಾರಾಗಿದ್ದಿರಬಹುದು; ಅದನ್ನು ನಂತರದ ವಾಲುವಿಕೆಯೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಬೇರೊಂದು ಸ್ಫೋಟದ ಶಿಲೆಯನ್ನು ಇದೇ ಟಫ್ ಎಂದು ಭಾವಿಸಿದರೆ ಇಲ್ಲದ ಚಲನೆಯೇ ಇದ್ದಂತೆ ತೋರುತ್ತದೆ. ಆದ್ದರಿಂದ ಖನಿಜ, ವಯಸ್ಸು ಮತ್ತು ಕಾಂತತೆ ಮೂರೂ ಹೊಂದಿದಾಗ ಮಾತ್ರ ಸಮೀಕರಣವನ್ನು ದೃಢವೆಂದು ಪರಿಗಣಿಸಬಹುದು.